ದುಡಿಯ ದನಿ ಗಣಕಯಂತ್ರದಲ್ಲಿ

ನಡು ಸಣ್ಣಗಾಗಿ ಎರಡು ತುದಿಗಳಲ್ಲಿ ಅರಳಿದ, ಒಂದು ಕೈಯಲ್ಲಿ ಹಿಡಿಯಬಹುದಾದಷ್ಟು ಚಿಕ್ಕದಾದ ಚರ್ಮವಾದ್ಯವೊಂದು ಕೊಡಗಿನಲ್ಲಿ ಪ್ರಸಿದ್ಧವಾಗಿದೆ. ಅದೇ ದುಡಿ. ಹಬ್ಬಹರಿದಿನಗಳಲ್ಲಿಯೂ ಮದುವೆಯ ಮನೆಗಳಲ್ಲಿಯೂ ಸಾಮಾನ್ಯವಾಗಿ ನಾಲ್ವರು ಹಾಡುಗಾರರು ಒಂದೊಂದು ದುಡಿಯನ್ನು ಹಿಡಿದು, ಸಣ್ಣ ಕೋಲಿನಿಂದ ಬಾರಿಸುತ್ತ, ಕೊಡವ ಭಾಷೆಯ ಕಥನಗೀತೆಗಳನ್ನು ಹಾಡುವುದುಂಟು. ಇಂಥ ಹಾಡುಗಳನ್ನು ನಡಿಕೇರಿಯಂಡ ಚಿಣ್ಣಪ್ಪನವರು ಸಂಗ್ರಹಿಸಿ, 1924ರಲ್ಲಿ ‘ಪಟ್ಟೋಲೆ ಪಳಮೆ’ ಎಂಬ ಗ್ರಂಥವಾಗಿ ಕನ್ನಡ ಲಿಪಿಯಲ್ಲಿ ಅಚ್ಚುಮಾಡಿಸಿದರು. ಹಾಡಿನ ಮಾತುಗಳು ಹೀಗೆ ಉಳಿದುಕೊಂಡವು. ಆದರೆ ದುಡಿಯ ಪೆಟ್ಟಿನ ದನಿಯನ್ನು ಲಿಪಿಯು ಹಿಡಿಯಲಾರದಷ್ಟೆ.

ಈಚಿನ ವರ್ಷಗಳಲ್ಲಿ ಕಾಲೇಜು ವಿದ್ಯಾರ್ಥಿಗಳು ನಾಟಕಕ್ಕೋ ನೃತ್ಯಕ್ಕೋ ಬೇಕಾದ ಸಂಗೀತವನ್ನು ತಮ್ಮ ಗಣಕಯಂತ್ರದಲ್ಲಿಯೇ ಜೋಡಿಸಿಕೊಳ್ಳುತ್ತಿದ್ದಾರೆ. ಇದಕ್ಕೆ ಬೇಕಾದ ಮುಖ್ಯ ಸಾಧನ ಸ್ಯಾಂಪ್ಲರ್ ಎಂಬ ತಂತ್ರಾಂಶ. ಯಾವ ಸ್ಯಾಂಪ್ಲರನ್ನು ಆರಿಸಬೇಕು? ಅದಕ್ಕೆ ಯಾವ ವಾದ್ಯಗಳ ಭಂಡಾರವನ್ನು ತರಬೇಕು? ಮಾರಾಟಕ್ಕಿರುವ ಭಂಡಾರಗಳಲ್ಲಿ ಪಿಯಾನೊ, ಪಿಟೀಲುಗಳು ಯಥೇಚ್ಛವಾಗಿವೆ. ಸ್ವಿಟ್ಸರ್ಲೆಂಡಿನ ಸ್ವರ್ ಸಿಸ್ಟಮ್ಸ್ ಸಂಸ್ಥೆಯ ಸ್ವರ್‌ಪ್ಲಗ್‌ನಂಥವುಗಳಲ್ಲಿ ತಬಲ, ಸಿತಾರ್, ತಂಬೂರಿಗಳೂ ದೊರೆಯುತ್ತವೆ. ದುಡಿಯನ್ನು ಹುಡುಕುವವರು ಮಾತ್ರ ಬರಿಗೈಯಲ್ಲಿ ಹಿಂದಿರುಗುವ ಸಂಭವವೇ ಹೆಚ್ಚು. ಹಾಗಾದರೆ ದುಡಿಯ ಬದಲಿಗೆ ತಬಲದ ಪೆಟ್ಟನ್ನೇ ಬಳಸಿದರೆ ಏನು ತಪ್ಪು? ಈ ಪ್ರಶ್ನೆಗಳು ಅಂಗಡಿಬೀದಿಯವೆಂದು ಮೇಲುನೋಟಕ್ಕೆ ತೋರಬಹುದು. ಇವುಗಳ ಉತ್ತರ ಮಾತ್ರ ಭೌತಶಾಸ್ತ್ರದಲ್ಲಿದೆ.

ಸ್ಯಾಂಪ್ಲರಿನ ಕೆಲಸ

ಸ್ಯಾಂಪ್ಲರು ತಾನಾಗಿ ಯಾವ ನಾದವನ್ನೂ ಹುಟ್ಟಿಸುವುದಿಲ್ಲ. ನಿಜವಾದ ವಾದ್ಯವನ್ನು ಒಮ್ಮೆ ನುಡಿಸಿ, ಒಂದೊಂದು ಸ್ವರವನ್ನೂ ಒಂದೊಂದು ಪೆಟ್ಟನ್ನೂ ಪ್ರತ್ಯೇಕವಾಗಿ ಧ್ವನಿಮುದ್ರಿಸಿ ಇಟ್ಟಿರುತ್ತಾರೆ. ಹಾರ್ಮೋನಿಯಮ್ಮಿನ ಮನೆಗಳಂಥ ಕೀಲಿಗಳನ್ನು ನಾವು ಒತ್ತಿದಾಗ, ಸ್ಯಾಂಪ್ಲರು ಆ ತುಣುಕುಗಳಲ್ಲಿ ತಕ್ಕದ್ದನ್ನು ಆರಿಸಿ ಹೊರಡಿಸುತ್ತದೆ. ತುಣುಕುಗಳ ಸಂಗ್ರಹಕ್ಕೆ ಸ್ಯಾಂಪಲ್ ಲೈಬ್ರರಿ ಎಂದು ಹೆಸರು. ನಾವು ಇದನ್ನು ನಾದಭಂಡಾರ ಎಂದು ಕರೆಯೋಣ. ಉಗ್ರಾಣವೂ ಉಗ್ರಾಣಿಯೂ ಬೇರೆ ಬೇರೆಯಷ್ಟೆ. ಹಾಗೆಯೇ ನಾದಭಂಡಾರ ಬೇರೆ, ಸ್ಯಾಂಪ್ಲರು ಬೇರೆ. ಒಳ್ಳೆಯ ಉಗ್ರಾಣಿ ಇದ್ದರೂ ಉಗ್ರಾಣದಲ್ಲಿ ಅಕ್ಕಿ ಇಲ್ಲದಿದ್ದರೆ ಊಟವಾಗದು.

ಈ ಉಪಾಯ ಗಣಕಯಂತ್ರಕ್ಕಿಂತ ಮೊದಲೇ ಇದ್ದಿತು. 1963ರಲ್ಲಿ ಇಂಗ್ಲೆಂಡಿನಿಂದ ಹೊರಬಂದ ಮೆಲೊಟ್ರಾನ್ ಎಂಬ ವಾದ್ಯದಲ್ಲಿ ಪ್ರತಿಯೊಂದು ಕೀಲಿಯ ಕೆಳಗೂ ಒಂದೊಂದು ಕಾಂತಪಟ್ಟಿಯಿತ್ತು. ಕೀಲಿಯನ್ನು ಒತ್ತಿದರೆ ಪಟ್ಟಿ ಸುಮಾರು 8 ಸೆಕೆಂಡು ಓಡಿ, ಬಿಟ್ಟೊಡನೆ ಮೊದಲಿನ ಸ್ಥಾನಕ್ಕೆ ಸೆಳೆಯಲ್ಪಡುತ್ತಿತ್ತು. 1979ರಲ್ಲಿ ಆಸ್ಟ್ರೇಲಿಯದ ಫೇರ್‌ಲೈಟ್ ಯಂತ್ರವು ಪಟ್ಟಿಯನ್ನು ಬಿಟ್ಟು, ನಾದವನ್ನು ಅಂಕೆಗಳ ರೂಪದಲ್ಲಿ ಸ್ಮೃತಿಕೋಶದಲ್ಲಿ ಇರಿಸಿತು. ಆ ಕಾಲದಲ್ಲಿ ಸ್ಮೃತಿಕೋಶ ಬಹು ದುಬಾರಿಯಾಗಿದ್ದುದರಿಂದ ತುಣುಕುಗಳು ತೀರ ಗಿಡ್ಡವಾಗಿರಬೇಕಾಗಿತ್ತು. 1998ರಲ್ಲಿ ಬಂದ ಗಿಗಾಸ್ಯಾಂಪ್ಲರ್ ಎಂಬ ತಂತ್ರಾಂಶ ಈ ಕಷ್ಟವನ್ನು ಜಾಣತನದಿಂದ ಪರಿಹರಿಸಿತು. ಪ್ರತಿಯೊಂದು ತುಣುಕಿನ ಆರಂಭವನ್ನು ಮಾತ್ರ ಅದು ಸ್ಮೃತಿಕೋಶದಲ್ಲಿ ಸಿದ್ಧವಾಗಿಟ್ಟುಕೊಳ್ಳುತ್ತಿತ್ತು. ಅಷ್ಟು ನುಡಿದು ಮುಗಿಯುವುದರೊಳಗೆ ಉಳಿದ ಭಾಗವನ್ನು ತಟ್ಟೆಯಿಂದ ಓದಿ ತರುತ್ತಿತ್ತು. 2002ರಲ್ಲಿ ಜರ್ಮನಿಯ ನೇಟಿವ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯ ಕೊಂಟ್ಯಾಕ್ಟ್ ಬಂದಿತು. ಇಂದಿನ ದೊಡ್ಡ ನಾದಭಂಡಾರಗಳಲ್ಲಿ ಬಹಳಷ್ಟು ಅದಕ್ಕಾಗಿಯೇ ಸಿದ್ಧವಾಗುತ್ತವೆ.

ನಾದವನ್ನು ಅಂಕೆಗಳಾಗಿ ಮಾಡುವುದೆಂದರೇನು? ಮೈಕ್ರೊಫೋನಿನ ಮೇಲೆ ಬಿದ್ದ ಗಾಳಿಯ ಒತ್ತಡವನ್ನು ಸಮಾನವಾದ ಕಾಲಾಂತರಗಳಲ್ಲಿ ಅಳೆದು ಬರೆದಿಡುವುದು, ಇಷ್ಟೆ. ಅಡಕ ತಟ್ಟೆಗಳಲ್ಲಿ ಈ ಅಳತೆ ಸೆಕೆಂಡಿಗೆ 44,100 ಸಲ ನಡೆಯುತ್ತದೆ. ಈ ವಿಚಿತ್ರ ಸಂಖ್ಯೆಗೆ ಆಧಾರವಿಲ್ಲದಿಲ್ಲ. ಒಂದು ಕಂಪನವನ್ನು ಗುರುತಿಸಬೇಕಾದರೆ ಅದರ ಕಂಪನಸಂಖ್ಯೆಯ ಎರಡರಷ್ಟಕ್ಕಿಂತ ಹೆಚ್ಚು ಸಲ ಅಳೆಯಬೇಕೆಂಬುದು ನೈಕ್ವಿಸ್ಟ್ 1928ರಲ್ಲಿಯೂ ಶಾನನ್ 1949ರಲ್ಲಿಯೂ ಪ್ರಕಟಿಸಿದ ವಿಚಾರಗಳ ಸಾರ. ಮನುಷ್ಯನ ಕಿವಿಯ ಮೇಲ್ಮಿತಿ ಸುಮಾರು 20,000 ಕಂಪನಗಳು. ಆದುದರಿಂದ 40,000ಕ್ಕೆ ಮೇಲ್ಪಟ್ಟ ಅಳತೆ ಸಾಕು. ಸಾಲದಾದರೆ ಏನಾಗುತ್ತದೆ? ಚಲನಚಿತ್ರದಲ್ಲಿ ವೇಗವಾಗಿ ಓಡುವ ಸಾರೋಟಿನ ಚಕ್ರ ಹಿಮ್ಮುಖವಾಗಿ ತಿರುಗಿದಂತೆ ಕಾಣುವುದನ್ನು ವಾಚಕರು ನೋಡಿರಬಹುದು. ಅದೇ ಬಗೆಯ ಭ್ರಾಂತಿ ಇಲ್ಲಿಯೂ ಉಂಟು: 30,000 ಕಂಪನಗಳ, ಕಿವಿಗೆ ಕೇಳಿಸದ ನಾದವೊಂದನ್ನು ಸೋಸದೆ 44,100 ಸಲ ಅಳೆದರೆ ಅದು 14,100 ಕಂಪನಗಳ ಸುಳ್ಳು ನಾದವಾಗಿ ಕೇಳಿಸೀತು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಸೆಕೆಂಡಿಗೆ 44,100 ಸಲ ತೆಗೆಯುವ ಒಂದೊಂದು ಅಳತೆಗೂ ಸ್ಯಾಂಪಲ್ ಎಂದೇ ಹೆಸರು. ಧ್ವನಿಮುದ್ರಿಸಿದ ಇಡೀ ಪೆಟ್ಟಿಗೂ ಸ್ಯಾಂಪಲ್ ಎಂದೇ ಹೆಸರು. ಹನಿಗೂ ಕೊಡಕ್ಕೂ ಒಂದೇ ಹೆಸರಿಟ್ಟಂತಾಯಿತು. ಭಂಡಾರ ಮಾರುವವರ ಜಾಹೀರಾತುಗಳಲ್ಲಿ ಈ ಎರಡು ಅರ್ಥಗಳೂ ಬೆರೆತು ಬರುತ್ತವೆ. ಅಳತೆಯ ಸಂಖ್ಯೆ 96,000 ಎಂದು ದೊಡ್ಡಕ್ಷರದಲ್ಲಿ ಅಚ್ಚಾದುದನ್ನು ನೋಡಿ ಮರುಳಾಗಬೇಕಾಗಿಲ್ಲ. ಭಂಡಾರದ ಯೋಗ್ಯತೆ ಹನಿಗಳ ಲೆಕ್ಕಕ್ಕಿಂತ ಕೊಡಗಳ ಲೆಕ್ಕದಲ್ಲಿ ಹೆಚ್ಚಾಗಿ ಅಡಗಿದೆ ಎಂದು ನಮ್ಮ ಅಭಿಪ್ರಾಯ. ಏಕೆಂಬುದನ್ನು ಈಗ ವಿಚಾರಿಸೋಣ.

ಒಂದು ಪೆಟ್ಟು ಏಕೆ ಸಾಲದು

ದುಡಿಯನ್ನು ಒಮ್ಮೆ ಬಾರಿಸಿ ಧ್ವನಿಮುದ್ರಿಸಿದೆವೆಂದು ಇಟ್ಟುಕೊಳ್ಳಿ. ಮೆಲ್ಲನೆಯ ಪೆಟ್ಟು ಬೇಕಾದಾಗ ಇದರ ಸದ್ದನ್ನು ಕುಗ್ಗಿಸಿ, ಜೋರಾದ ಪೆಟ್ಟು ಬೇಕಾದಾಗ ಹಿಗ್ಗಿಸಿ ಕೆಲಸ ಸಾಗಿಸಬಾರದೆ? ಸಾಗಿಸಬಾರದು. ಚರ್ಮಕ್ಕೆ ಜೋರಾದ ಪೆಟ್ಟು ಬಿದ್ದಾಗ ಸದ್ದು ಹೆಚ್ಚುವುದಷ್ಟೇ ಅಲ್ಲ, ನಾದದ ಗುಣವೇ ಬದಲಾಗುತ್ತದೆ. ಕೋಲು ಚರ್ಮವನ್ನು ಮುಟ್ಟಿ ಚಿಮ್ಮುವ ಕಾಲ ಕಡಮೆಯಾಗಿ ಮೇಲಿನ ಉಪಸ್ವರಗಳು ಹೆಚ್ಚು ಬಲವನ್ನು ಪಡೆಯುತ್ತವೆ. ಮೇಲಾಗಿ ಚರ್ಮ ಬಹಳವಾಗಿ ಬಾಗಿದಾಗ ಅದರ ಬಿಗಿತ ಕ್ಷಣಕಾಲ ಹೆಚ್ಚುತ್ತದೆ. ಕಂಪನಸಂಖ್ಯೆ ಬಿಗಿತದ ವರ್ಗಮೂಲಕ್ಕೆ ಅನುಗುಣವಾಗಿರುವುದರಿಂದ, ಬಿಗಿತ ನೂರಕ್ಕೆ 21ರಷ್ಟು ಹೆಚ್ಚಿದರೆ ಕಂಪನಸಂಖ್ಯೆ ನೂರಕ್ಕೆ 10ರಷ್ಟು ಏರುತ್ತದೆ. ಆದುದರಿಂದ ಜೋರಾದ ಪೆಟ್ಟಿನ ನಾದ ಮೊದಲು ತುಸು ಮೇಲೆ ಹುಟ್ಟಿ, ಆಮೇಲೆ ಇಳಿದು ನೆಲೆಗೊಳ್ಳುತ್ತದೆ. ದೂರದಿಂದ ಕೇಳಿದರೂ ಗಟ್ಟಿ ಪೆಟ್ಟು ಗಟ್ಟಿ ಪೆಟ್ಟೆಂದೇ ನಮಗೆ ತಿಳಿಯುವುದು ಈ ಗುಣಗಳಿಂದ.

ಆದುದರಿಂದ ಒಳ್ಳೆಯ ಭಂಡಾರದಲ್ಲಿ ಒಂದೇ ಪೆಟ್ಟನ್ನು ನಾಲ್ಕಾರು ಬಲಗಳಲ್ಲಿ ಬೇರೆ ಬೇರೆಯಾಗಿ ಮುದ್ರಿಸಿರುತ್ತಾರೆ. 1983ರಲ್ಲಿ ವಾದ್ಯತಯಾರಕರು ಒಪ್ಪಿಕೊಂಡ ಮಿಡಿ ಎಂಬ ಸಂಕೇತಪದ್ಧತಿಯಲ್ಲಿ ಪೆಟ್ಟಿನ ಬಲವನ್ನು 1ರಿಂದ 127ರ ವರೆಗಿನ ಒಂದು ಅಂಕೆ ಸೂಚಿಸುತ್ತದೆ. ಸ್ಯಾಂಪ್ಲರು ಆ ಅಂಕೆಯನ್ನು ನೋಡಿ ತಕ್ಕ ತುಣುಕನ್ನು ಎತ್ತಿಕೊಳ್ಳುತ್ತದೆ.

ಇದೂ ಸಾಲದು. ಒಂದೇ ಬಲದ ಪೆಟ್ಟನ್ನು ಮನುಷ್ಯನು ಹತ್ತು ಸಲ ಬಾರಿಸಿದರೆ ಹತ್ತೂ ಅಲ್ಪಸ್ವಲ್ಪ ಬೇರೆಯಾಗಿರುತ್ತವೆ. ಯಂತ್ರವಾದರೋ ಒಂದೇ ತುಣುಕನ್ನು ಹತ್ತು ಸಲ ಹೊರಡಿಸುತ್ತದೆ. ಕಿವಿ ಇದನ್ನು ಒಡನೆಯೇ ಹಿಡಿಯುತ್ತದೆ. ವಾದ್ಯ ಮಾಯವಾಗಿ ಯಾಂತ್ರಿಕ ಬಂದೂಕಿನ ಸದ್ದು ಕೇಳಿಸುತ್ತದೆ. ಕೋವಿಯ ಸದ್ದನ್ನು ಬಲ್ಲ ಕೊಡಗಿನವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಇದರ ಪರಿಹಾರಕ್ಕಾಗಿ ಪ್ರತಿಯೊಂದು ಬಲದಲ್ಲಿಯೂ ನಾಲ್ಕೈದು ಪೆಟ್ಟುಗಳನ್ನು ಮುದ್ರಿಸಿ, ಅವುಗಳನ್ನು ಸರದಿಯಂತೆ ಬಳಸುವ ಏರ್ಪಾಡು ಮಾಡುತ್ತಾರೆ.

ಈಗ ಲೆಕ್ಕ ಹಾಕೋಣ. ದುಡಿಯಲ್ಲಿ 5 ಬಗೆಯ ಪೆಟ್ಟುಗಳು, ಪ್ರತಿಯೊಂದಕ್ಕೂ 6 ಬಲಗಳು, ಪ್ರತಿಯೊಂದು ಬಲಕ್ಕೂ 5 ಸರದಿಗಳು ಎಂದರೆ 150 ತುಣುಕುಗಳಾದವು. ಒಂದೊಂದೂ ಒಂದೂವರೆ ಸೆಕೆಂಡಿನದಾದರೆ ಒಟ್ಟು 225 ಸೆಕೆಂಡು. ಸೆಕೆಂಡಿಗೆ 48,000 ಅಳತೆಗಳಂತೆ, ಅಳತೆಯೊಂದಕ್ಕೆ 3 ಬೈಟುಗಳಂತೆ, ಒಂದೇ ಮೈಕ್ರೊಫೋನಿನಿಂದ ಮುದ್ರಿಸಿದರೆ ಇದು 3 ಕೋಟಿ 24 ಲಕ್ಷ ಬೈಟುಗಳಾಗುತ್ತದೆ, ಎಂದರೆ ಸುಮಾರು 32 ಮೆಗಾಬೈಟು. ಪಿಯಾನೊದ ವಿಚಾರವೇ ಬೇರೆ. ಅದರ 88 ಮನೆಗಳನ್ನು 4 ಬಲಗಳಲ್ಲಿ, ನಾದ ಅಡಗುವವರೆಗೆ 20 ಸೆಕೆಂಡಿನಂತೆ, ಎರಡು ಮೈಕ್ರೊಫೋನುಗಳಿಂದ ಮುದ್ರಿಸಿದರೆ 200 ಕೋಟಿ ಬೈಟುಗಳನ್ನು ಮೀರುತ್ತದೆ. ಪಿಯಾನೊ ಭಂಡಾರಕ್ಕೆ ಹೊಸ ಗಣಕಯಂತ್ರವೇ ಬೇಕಾದೀತು. ದುಡಿಯ ಭಂಡಾರವಾದರೋ ಹಳೆಯ ಯಂತ್ರದ ಮೂಲೆಯಲ್ಲಿಯೇ ಕುಳಿತುಕೊಳ್ಳುತ್ತದೆ. ಪಿಯಾನೊ ಭಂಡಾರವನ್ನು ನಾವಾಗಿ ಸಿದ್ಧಪಡಿಸುವುದು ಸಾಹಸವೇ ಸರಿ. ದುಡಿಯ ಭಂಡಾರವನ್ನು ನಾಲ್ವರು ವಿದ್ಯಾರ್ಥಿಗಳು ಒಂದು ವಾರದಲ್ಲಿ ಸಿದ್ಧಪಡಿಸಬಹುದು.

ಹಾಗೆ ಕಷ್ಟಪಡುವ ಬದಲು ತಬಲದ ತುಣುಕನ್ನೇ ಎರವಲು ತಂದರೆ ಆಗದೇ ಎಂಬ ಪ್ರಶ್ನೆಗೆ ಈಗ ಬರೋಣ. ಇದಕ್ಕೆ ಉತ್ತರ ಕೊಟ್ಟವರು ಸರ್ ಸಿ. ವಿ. ರಾಮನ್ನರು. ಬಿಗಿಯಾಗಿ ಎಳೆದು ಕಟ್ಟಿದ ಸಾದಾ ವೃತ್ತಾಕಾರದ ಪೊರೆಯ ಮೂಲಸ್ವರವನ್ನು 1 ಎಂದು ಎಣಿಸಿದರೆ, ಅದರ ಉಪಸ್ವರಗಳು 1.59, 2.14, 2.30, 2.65, 2.92 ಹೀಗೆ ಅಡ್ಡಾದಿಡ್ಡಿಯಾಗಿ ಏರುತ್ತವೆ. ತಂತಿಯಲ್ಲಿರುವಂತೆ 2, 3, 4 ಎಂಬ ಪೂರ್ಣಾಂಕಗಳು ಇಲ್ಲಿಲ್ಲ. ಆದರೆ ಮೃದಂಗ, ತಬಲಗಳ ಚರ್ಮದ ಮೇಲೆ ಮೆತ್ತಿದ ಕರಣೆಯ ಭಾರದಿಂದ ಉಪಸ್ವರಗಳು ಪೂರ್ಣಾಂಕಗಳಿಗೆ ಬಹು ಸಮೀಪವಾಗಿ ಬಂದು ಕೂಡುತ್ತವೆ. ಆದುದರಿಂದಲೇ ಈ ವಾದ್ಯಗಳು ಶ್ರುತಿಗೆ ನಿಲ್ಲುತ್ತವೆ. ಇದನ್ನು ರಾಮನ್ನರು 1920ರಲ್ಲಿ ಸಹೋದ್ಯೋಗಿಯೊಬ್ಬರ ಜೊತೆಯಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತಿಳಿಸಿದರು. ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ ವಿಸ್ತಾರವಾದ ಪ್ರಬಂಧವನ್ನೂ ಪ್ರಕಟಿಸಿದರು. ದುಡಿಯ ತೆಳು ಚರ್ಮಕ್ಕೆ ಅಂಥ ಕರಣೆ ಇಲ್ಲ. ಒಳಗಿನ ಗಾಳಿಯೂ ಎದುರಿನ ಚರ್ಮವೂ ಮೇಲಿನ ಅಂಕೆಗಳನ್ನು ತುಸು ಬದಲಿಸುವುದು ನಿಜ. ಆದರೂ ಅದರ ಉಪಸ್ವರಗಳ ಸಂಸಾರವೇ ಬೇರೆ. ತಬಲದ ತುಣುಕನ್ನು ಎಷ್ಟು ಸೋಸಿದರೂ, ಎಷ್ಟು ಏರಿಸಿದರೂ ಈ ಅನುಪಾತಗಳು ಬದಲಾಗುವುದಿಲ್ಲ. ವೇಗವನ್ನು ಹೆಚ್ಚಿಸಿ ತುಣುಕನ್ನು ಮೇಲಕ್ಕೇರಿಸಿದಾಗ ಎಲ್ಲ ಉಪಸ್ವರಗಳೂ ಒಂದೇ ಪ್ರಮಾಣದಲ್ಲಿ ಏರುತ್ತವೆ. ಮೂರು ಅರ್ಧಸ್ವರಗಳಷ್ಟು ಏರಿಸಿದರೆ ಎಲ್ಲವೂ 1.19ರಷ್ಟಾಗುತ್ತವೆ, ಪೆಟ್ಟಿನ ಕಾಲವೂ ಅಷ್ಟೇ ಪಾಲು ಕಿರಿದಾಗುತ್ತದೆ. ಮುಖ ಅದೇ, ಗಾತ್ರ ಮಾತ್ರ ಬೇರೆ ಎಂದಂತೆ. ದುಡಿಯೆಂದು ಹೇಳಿ ತಬಲವನ್ನು ಕೇಳಿಸಿದರೆ ಹಿರಿಯರು ನಕ್ಕು ಸುಮ್ಮನಾಗಬಹುದು. ದುಡಿಯನ್ನು ಎದುರಿಗೆ ಕೇಳದೆ ಬೆಳೆಯುತ್ತಿರುವ ಮಕ್ಕಳು ಅದನ್ನೇ ದುಡಿಯೆಂದು ನಂಬಿಯಾರು. ಕಷ್ಟವಿರುವುದು ಇಲ್ಲಿ.

ನಾಲ್ಕು ದುಡಿಗಳ ವಿಚಾರವನ್ನೂ ಹೇಳಿಬಿಡುತ್ತೇವೆ. ಒಂದೇ ದುಡಿಯ ತುಣುಕನ್ನು ಏಕಕಾಲದಲ್ಲಿ ನಾಲ್ಕು ಸಲ ಹೊರಡಿಸಿದರೆ ನಾಲ್ವರ ಮೇಳವಾಗುವುದೆ? ಆಗದು. ನಾಲ್ಕು ತರಂಗಗಳೂ ಅಚ್ಚಿನಲ್ಲಿ ಎರೆದಂತೆ ಒಂದೇ ಆಗಿರುವುದರಿಂದ ಅವು ಒಂದರ ಮೇಲೊಂದು ಬಿದ್ದು ಕಂಪನವಿಸ್ತಾರ ನಾಲ್ಕು ಪಟ್ಟಾಗುತ್ತದೆ. ಸದ್ದು 12 ಡೆಸಿಬೆಲ್ ಹೆಚ್ಚುತ್ತದೆ. ಒಬ್ಬನೇ ದುಡಿಗಾರನು ದೈತ್ಯನಾದಂತೆ ಕೇಳಿಸುತ್ತದೆಯೇ ಹೊರತು ನಾಲ್ವರಂತಲ್ಲ. ನಿಜವಾದ ನಾಲ್ಕು ದುಡಿಗಳಲ್ಲಿ ಒಂದೊಂದರ ಕಾಲವೂ ಶ್ರುತಿಯೂ ಕೂದಲೆಳೆಯಷ್ಟು ಬೇರೆ. ಅಲ್ಲಿ ಕೂಡುವುದು ಶಕ್ತಿ ಮಾತ್ರ; ಸದ್ದು ಸುಮಾರು 6 ಡೆಸಿಬೆಲ್ ಏರುತ್ತದೆ. ಒಂದು ದುಡಿ 200 ಕಂಪನಗಳದೂ ಇನ್ನೊಂದು 203 ಕಂಪನಗಳದೂ ಆಗಿದ್ದರೆ, ಅವೆರಡರ ನಾದ ಸೆಕೆಂಡಿಗೆ 3 ಸಲದಂತೆ ಉಬ್ಬಿ ತಗ್ಗುವ ಓಘದಲ್ಲಿರುತ್ತದೆ. ಮೇಳದ ಸೊಗಸೆಲ್ಲ ಈ ಸಣ್ಣ ಅಂತರಗಳಲ್ಲಿದೆ. ಆದುದರಿಂದ ನಾಲ್ಕು ದುಡಿಗಳನ್ನು ನಾಲ್ಕು ಭಂಡಾರಗಳಾಗಿಯೇ ಮುದ್ರಿಸತಕ್ಕದ್ದು.

ಕೊಂಬಿನ ಮುಂದೆ ಸೋಲು

ಮೇಲೆ ಹೇಳಿದ್ದೆಲ್ಲ ಬಾರಿಸುವ ವಾದ್ಯಗಳಿಗೆ ಸಂಬಂಧಿಸಿದುದು. ಬಾರಿಸಿದ ಮೇಲೆ ನಾದದ ಹಣೆಬರಹವನ್ನು ಬದಲಿಸುವುದು ವಾದಕನಿಗೆ ಬಹುಮಟ್ಟಿಗೆ ಸಾಧ್ಯವಿಲ್ಲ. ಆದುದರಿಂದ ಮುಂಚಿತವಾಗಿ ಮುದ್ರಿಸಿಟ್ಟ ತುಣುಕು ಅಲ್ಲಿ ಕೆಲಸಕ್ಕೆ ಬರುತ್ತದೆ. (ಈ ಆಕಾರದ ಚರ್ಮವಾದ್ಯಗಳಲ್ಲಿ ನಡುವಿನ ದಾರಗಳನ್ನು ಹಿಸುಕಿದರೆ ಬಿಗಿತ ಹೆಚ್ಚಿ ನಾದ ಏರುತ್ತದೆ, ಅಂಥ ಪೆಟ್ಟುಗಳನ್ನು ಪ್ರತ್ಯೇಕ ಬಗೆಯಾಗಿ ಮುದ್ರಿಸಬೇಕು.) ಊದುವ ವಾದ್ಯಗಳಲ್ಲಿ ಹಾಗಲ್ಲ. ಕೊಡಗಿನ ಉತ್ಸವಗಳಲ್ಲಿ ಕೇಳಿಬರುವ ಕೊಂಬನ್ನು ತೆಗೆದುಕೊಳ್ಳಿ. ಬಾಗಿದ ಆ ಲೋಹದ ನಳಿಕೆಗೆ ರಂಧ್ರಗಳಿಲ್ಲ. ಊದುವವನ ತುಟಿಗಳೇ ಕಂಪಿಸಿ, ನಳಿಕೆಯೊಳಗಿನ ಗಾಳಿಯ ಸಹಜ ಕಂಪನಗಳಲ್ಲಿ ಒಂದನ್ನು ಎಬ್ಬಿಸುತ್ತವೆ. ತುಟಿಯ ಬಿಗಿತವನ್ನೂ ಉಸಿರಿನ ಒತ್ತಡವನ್ನೂ ಅವನು ಕ್ಷಣಕ್ಷಣಕ್ಕೂ ಬದಲಿಸುತ್ತಿರುತ್ತಾನೆ. ಬಲವಾಗಿ ಊದಿದಾಗ ನಳಿಕೆಯೊಳಗೆ ತರಂಗದ ಮುಂಭಾಗ ಕಡಿದಾಗಿ, ಕೊಂಬಿಗೆ ವಿಶಿಷ್ಟವಾದ ಆ ಝೇಂಕಾರ ಹುಟ್ಟುತ್ತದೆ. ಮೆಲ್ಲಗೆ ಊದಿದ ನಾದವನ್ನು ಎಷ್ಟು ಹಿಗ್ಗಿಸಿದರೂ ಆ ಝೇಂಕಾರ ಬಾರದು.

ಸ್ಯಾಂಪ್ಲರು ಇಲ್ಲಿ ಎರಡು ತೊಂದರೆಗಳಿಗೆ ಸಿಕ್ಕಿಕೊಳ್ಳುತ್ತದೆ. ತುಣುಕು ಮುಗಿದ ಮೇಲೂ ಸ್ವರ ನಿಲ್ಲಬೇಕಾದರೆ ಅದರ ಮಧ್ಯಭಾಗವನ್ನು ಸುತ್ತಿಸುತ್ತಿರಬೇಕು. ಸುತ್ತು ಕಿವಿಗೆ ತಿಳಿಯುತ್ತದೆ. ಎರಡನೆಯದಾಗಿ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ದಾರಿಯನ್ನೂ ಮುದ್ರಿಸಬೇಕು. ಎರಡು ಸ್ಥಾಯಿಗಳ 24 ಸ್ವರಗಳಿರುವ ವಾದ್ಯದಲ್ಲಿ ಇಂಥ ದಾರಿಗಳು 24 ಗುಣಿಸು 23, ಎಂದರೆ 552. ಪಾಶ್ಚಾತ್ಯ ಪಿಟೀಲಿನ ದೊಡ್ಡ ಭಂಡಾರಗಳು ಈ ದಾರಿಗಳನ್ನೂ ಮುದ್ರಿಸಿಟ್ಟಿವೆ. ಅವುಗಳ ಬೆಲೆಗೂ ಭಾರಕ್ಕೂ ಇದೇ ಕಾರಣ. ಆದರೆ ನಮ್ಮ ಗಮಕಗಳ ದಾರಿಗಳನ್ನು ಎಣಿಸುವವರು ಯಾರು? ತಂಬೂರಿಯ ವಿಚಾರ ಇದಕ್ಕೆ ತದ್ವಿರುದ್ಧ. ಅದರ ತಂತಿಗಳು ಒಂದೇ ಕ್ರಮದಲ್ಲಿ, ಒಂದೇ ಬಲದಲ್ಲಿ, ಗಂಟೆಗಟ್ಟಲೆ ಮಿಡಿಯಲ್ಪಡುತ್ತವೆ. ಆದುದರಿಂದಲೇ ಬೆಂಗಳೂರಿನ ರಾಡೆಲ್ ಸಂಸ್ಥೆಯವರದೇ ಮೊದಲಾದ ವಿದ್ಯುನ್ಮಾನ ತಂಬೂರಿಗಳು ಕಚೇರಿಯ ವೇದಿಕೆಯನ್ನೂ ಏರಿದವು. ಹಾಡುಗಾರನ ಜಾಗಕ್ಕೆ ಅಂಥ ಪೆಟ್ಟಿಗೆಯನ್ನು ತಂದಿಡುವ ಧೈರ್ಯವನ್ನು ಯಾರೂ ಮಾಡಲಿಲ್ಲ!

ವಾಲಗದಲ್ಲಿ ಸ್ವರವಾದ್ಯವನ್ನು ನುಡಿಸುವವನೂ ಕೊಂಬು ಊದುವವನೂ ಹೀಗೆಯೇ. ಮದುವೆಯ ಮನೆಯಲ್ಲಿ ಕುಣಿಯುವವರ ಹೆಜ್ಜೆಯನ್ನು ನೋಡಿ ವಾಲಗದವರು ಲಯವನ್ನು ಏರಿಸುತ್ತಾರೆ, ಕುಣಿಯುವವರು ದಣಿದಾಗ ಇಳಿಸುತ್ತಾರೆ. ಕೊಂಬು, ವಾಲಗಗಳನ್ನು ಬಯಸುವ ವಿದ್ಯಾರ್ಥಿ ಭಂಡಾರವನ್ನು ಹುಡುಕುವುದಕ್ಕಿಂತ ವಾದಕರನ್ನೇ ಕರೆದು, ಇಡೀ ಪದವನ್ನು ನುಡಿಸಿ ಮುದ್ರಿಸಿಕೊಳ್ಳುವುದು ಮೇಲು. ಅದಕ್ಕೆ ತಗಲುವ ಸಂಭಾವನೆಯೂ ಒಳ್ಳೆಯ ಪಿಟೀಲಿನ ಭಂಡಾರದ ಬೆಲೆಗಿಂತ ಹೆಚ್ಚಾಗಲಿಕ್ಕಿಲ್ಲ.

ಯಾವ ಸ್ಯಾಂಪ್ಲರು

ಇಷ್ಟು ತಿಳಿದ ಮೇಲೆ ತಂತ್ರಾಂಶದ ಆಯ್ಕೆ ಸುಲಭ. ಮೊದಲು ಕೇಳಬೇಕಾದ ಪ್ರಶ್ನೆ, ಇದರಲ್ಲಿ ನಮ್ಮ ಸ್ವಂತ ಧ್ವನಿಮುದ್ರಿಕೆಗಳನ್ನು ತುಂಬಬಹುದೆ ಎಂಬುದು. ಕೊಂಟ್ಯಾಕ್ಟಿನ ಉಚಿತ ಆವೃತ್ತಿ, ತನಗಾಗಿ ಪರವಾನಗಿ ಪಡೆದ ಭಂಡಾರಗಳನ್ನು ಮಾತ್ರ ಅಡ್ಡಿಯಿಲ್ಲದೆ ನುಡಿಸುತ್ತದೆ. ಉಳಿದವನ್ನು ಕೆಲವು ನಿಮಿಷ ನುಡಿಸಿ ನಿಲ್ಲಿಸುತ್ತದೆ. ಅಗ್ಗದ ಭಂಡಾರವೊಂದನ್ನು ಕೊಂಡು, ಅದು ಪೂರ್ಣ ಆವೃತ್ತಿಯನ್ನು ಬೇಡುತ್ತದೆಂದು ಆಮೇಲೆ ತಿಳಿದು ಪೇಚಾಡಿದ ವಿದ್ಯಾರ್ಥಿಗಳನ್ನು ನಾವು ಬಲ್ಲೆವು. ಪೂರ್ಣ ಆವೃತ್ತಿ ಬಹು ಸಮರ್ಥವಾದುದು. ಪಿಯಾನೊ, ಪಿಟೀಲು ಮೇಳಗಳನ್ನು ಬಳಸುವ ವೃತ್ತಿನಿರತರಿಗೆ ಅದು ತಕ್ಕದ್ದು. ದುಡಿಯ ಕೆಲಸಕ್ಕೆ ಅಷ್ಟು ಹಣ ತೆರಬೇಕಾಗಿಲ್ಲ. ಡಿಸೆಂಟ್ ಸ್ಯಾಂಪ್ಲರ್ ಎಂಬುದೂ, ಕೆನಡದ ಪ್ಲೋಗ್ ಸಂಸ್ಥೆಯ ಸ್ಫೊರ್ಟ್ಸಾಂಡೊ ಎಂಬುದೂ ಉಚಿತವಾಗಿ ದೊರೆಯುತ್ತವೆ, ಸ್ವಂತ ಮುದ್ರಿಕೆಗಳನ್ನೂ ಸ್ವೀಕರಿಸುತ್ತವೆ.

ಎರಡನೆಯ ಪ್ರಶ್ನೆ ಹೆಚ್ಚು ಗಂಭೀರವಾದುದು. ಈ ಸ್ಯಾಂಪ್ಲರು ನಾಳೆ ಇಲ್ಲವಾದರೆ ಭಂಡಾರದ ಗತಿಯೇನು? ಗಿಗಾಸ್ಯಾಂಪ್ಲರಿನ ಕಥೆ ಇಲ್ಲಿ ಉಪಯುಕ್ತ. ಹತ್ತು ವರ್ಷಗಳ ಕಾಲ ಮೆರೆದು, ಗಿಗಾಸ್ಟುಡಿಯೊ ಎಂಬ ಹೆಸರಿನಿಂದ ಬೆಳೆದ ಅದನ್ನು 2008ರಲ್ಲಿ ಅದರ ಒಡೆಯರಾದ ಟ್ಯಾಸ್ಕಾಮ್ ಸಂಸ್ಥೆಯವರು ನಿಲ್ಲಿಸಿಬಿಟ್ಟರು. ಅದಕ್ಕಾಗಿಯೇ ಕಟ್ಟಿದ ಭಂಡಾರಗಳ ಒಡೆಯರು ಅವನ್ನು ಬೇರೆ ರೂಪಗಳಿಗೆ ಪರಿವರ್ತಿಸಿಕೊಳ್ಳುವ ತೊಡಕಿಗೆ ಸಿಕ್ಕಿದರು. 1924ರಲ್ಲಿ ಅಚ್ಚಾದ ‘ಪಟ್ಟೋಲೆ ಪಳಮೆ’ಯನ್ನು ಇಂದಿಗೂ ಅಕ್ಷರ ಬಲ್ಲ ಯಾರಾದರೂ ಓದಬಹುದು, 1998ರ ತಂತ್ರಾಂಶದ ಕಡತವನ್ನು ತೆರೆಯಲು ಬೀಗದ ಕೈ ಹುಡುಕಬೇಕು. ಆದುದರಿಂದ ಧ್ವನಿಮುದ್ರಿಕೆಗಳು 1991ರಿಂದ ಬಳಕೆಯಲ್ಲಿರುವ ವೇವ್ ಎಂಬ ಸಾದಾ ರೂಪದಲ್ಲಿಯೇ ಹೊರಗೆ ಉಳಿದಿರುವಂಥ ಪದ್ಧತಿಯನ್ನು ಆರಿಸಬೇಕು. ಎಸ್‌ಎಫ್‌ಝಡ್ ಎಂಬ ಪದ್ಧತಿ ಅಂಥದು. ಯಾವ ಕೀಲಿಗೆ ಯಾವ ಮುದ್ರಿಕೆ, ಎಷ್ಟು ಬಲದಿಂದ ಎಷ್ಟು ಬಲದವರೆಗೆ, ಎಷ್ಟನೆಯ ಸರದಿಯಲ್ಲಿ, ಇಷ್ಟನ್ನು ಅದರಲ್ಲಿ ಸಾದಾ ಪಠ್ಯವಾಗಿ ಬರೆದಿರುತ್ತದೆ. ತಂತ್ರಾಂಶವೆಲ್ಲ ಅಳಿದರೂ ಆ ಪಟ್ಟಿಯನ್ನು ಓದಿ ಹೊಸ ಸ್ಯಾಂಪ್ಲರೊಂದನ್ನು ಬರೆಯಬಹುದು. ಡಿಸೆಂಟ್ ಸ್ಯಾಂಪ್ಲರಿನ ಪಟ್ಟಿಯೂ ಓದಬಲ್ಲ ಪಠ್ಯವೇ.

ಸಿದ್ಧ ಭಂಡಾರ ಕೊಳ್ಳುವವರು ಪರವಾನಗಿಯನ್ನು ಓದಿಯೇ ಕೊಳ್ಳಲಿ. ಸಾಮಾನ್ಯವಾಗಿ ತುಣುಕುಗಳಿಂದ ಸಂಗೀತ ರಚಿಸಬಹುದು, ತುಣುಕುಗಳನ್ನೇ ಬಿಡಿಯಾಗಿ ಹಂಚುವಂತಿಲ್ಲ.

ಮುದ್ರಣದ ಕೆಲಸ

ಕೊಡಗಿನಲ್ಲಿ ಧ್ವನಿಮುದ್ರಣಕ್ಕೆ ಮುಖ್ಯ ವೈರಿ ಮಳೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಹೆಂಚಿನ ಮೇಲೂ ತಗಡಿನ ಮೇಲೂ ಬೀಳುವ ಮಳೆಯ ಸದ್ದನ್ನು ಯಾವ ಮೈಕ್ರೊಫೋನೂ ತಪ್ಪಿಸಿಕೊಳ್ಳಲಾರದು. ತೇವವನ್ನು ಹೀರಿದ ಚರ್ಮವೂ ಸಡಿಲವಾಗಿ ನಾದ ಇಳಿಯುತ್ತದೆ. ಚರ್ಮವಾದ್ಯವನ್ನು ಬೆಂಕಿಯ ಬಳಿ ಕಾಯಿಸುವ ಹಳೆಯ ರೂಢಿಯ ಅರ್ಥ ಇದೇ: ತೇವ ಆರಿ ಬಿಗಿತ ಮರಳುತ್ತದೆ. ಒಣ ಹವೆಯ ತಿಂಗಳುಗಳು ಉತ್ತಮ. ಆಗ ಕಾಫಿ ಕೊಯ್ಲಿನ ಕಾಲ, ಪಲ್ಪರಿನ ಗದ್ದಲ ನಿಲ್ಲುವ ಹೊತ್ತನ್ನು ನೋಡಿಕೊಳ್ಳಬೇಕು. ಕತ್ತಲಾದರೆ ಜೀರುಂಡೆಗಳ ಕಾಟ. ಈ ಹಿನ್ನೆಲೆಯ ಸದ್ದು ಅಲ್ಪವೆಂದು ಅಲಕ್ಷ್ಯ ಮಾಡತಕ್ಕದ್ದಲ್ಲ. ಸ್ಯಾಂಪ್ಲರಿನಲ್ಲಿ 16 ತುಣುಕುಗಳು ಒಮ್ಮೆಗೇ ನುಡಿದಾಗ 16 ಹಿನ್ನೆಲೆಗಳೂ ಕೂಡಿ 12 ಡೆಸಿಬೆಲ್ ಏರುತ್ತವೆ.

ಕೋಣೆಯ ಪ್ರತಿಧ್ವನಿಯನ್ನು ಆಮೇಲೆ ಸೇರಿಸಬಹುದು, ತೆಗೆಯಲಾಗದು. ಐನ್‌ಮನೆಯ ದೊಡ್ಡ ಒಳಾಂಗಣ ಹಾಡಿಗೆ ಸೊಗಸು, ತುಣುಕಿನ ಮುದ್ರಣಕ್ಕೆ ಅಲ್ಲ. ಬಟ್ಟೆಬರೆ, ಹಾಸಿಗೆ, ಕಂಬಳಿಗಳು ತುಂಬಿದ ಚಿಕ್ಕ ಕೋಣೆ ಸಾಕು. ಮೈಕ್ರೊಫೋನನ್ನು ದುಡಿಯಿಂದ ಎರಡರಷ್ಟು ದೂರ ಒಯ್ದರೆ ನೇರ ನಾದ 6 ಡೆಸಿಬೆಲ್ ತಗ್ಗುತ್ತದೆ, ಕೋಣೆಯ ಪ್ರತಿಧ್ವನಿ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. ಒಂದೆರಡು ಅಡಿಯ ಅಂತರ ಹಿತವೆಂದು ಕಾಣುತ್ತದೆ. ಮುದ್ರಣ ಮುಗಿಯುವವರೆಗೆ ಮೈಕ್ರೊಫೋನನ್ನೂ ಅದರ ಸಂವೇದನೆಯ ಗುಂಡಿಯನ್ನೂ ಮುಟ್ಟಕೂಡದು. ಮೆಲ್ಲನೆಯ ಪೆಟ್ಟು ಮೆಲ್ಲನೆಯದಾಗಿಯೇ ಬೀಳಲಿ. ಅಳತೆಯೊಂದಕ್ಕೆ 24 ಬಿಟ್ಟುಗಳಿದ್ದರೆ ಅಂಥ ಪೆಟ್ಟೂ ಸ್ಪಷ್ಟವಾಗಿ ದಾಖಲಾಗುತ್ತದೆ.

ತುಣುಕುಗಳನ್ನು ಕತ್ತರಿಸಲು ಆಡಾಸಿಟಿಯಂಥ ಉಚಿತ ತಂತ್ರಾಂಶ ಸಾಲುತ್ತದೆ. ಪೆಟ್ಟಿನ ಮೊದಲಿನ ಮೌನವನ್ನು ಪೂರ್ತಿಯಾಗಿ ತೆಗೆಯಬೇಕು. ಅಲ್ಲಿ ಸೆಕೆಂಡಿನ ಐವತ್ತರಲ್ಲಿ ಒಂದು ಭಾಗದ ಮೌನ ಉಳಿದರೂ ದುಡಿಗಾರನು ಏಳು ಮೀಟರು ದೂರ ಕುಳಿತಂತಾಗುತ್ತದೆ. ಶಬ್ದ ಅಷ್ಟು ಕಾಲದಲ್ಲಿ ಸಾಗುವ ದೂರ ಅದು. ನಾಲ್ವರಲ್ಲಿ ಒಬ್ಬೊಬ್ಬನದು ಒಂದೊಂದು ಬಗೆಯ ತಡವಾದರೆ ಲಯ ಕೆಡುತ್ತದೆ.

ಎಲ್ಲಕ್ಕಿಂತ ಮೊದಲು ಮಾಡಬೇಕಾದ ಕೆಲಸವನ್ನು ಕೊನೆಗೆ ಹೇಳುತ್ತಿದ್ದೇವೆ. ಒಮ್ಮೆ ಮುದ್ರಿಸಿದ ಪೆಟ್ಟು ವಾದಕನಿಲ್ಲದೆಯೂ ನುಡಿಯುತ್ತದೆ. ಎಲ್ಲೋ ಯಾರೋ ಅದರಿಂದ ಹಾಡು ಕಟ್ಟಬಹುದು, ಹಣ ಗಳಿಸಲೂಬಹುದು. ಬಾರಿಸಿದ ಕೈಗೆ ಅದರ ಸುದ್ದಿಯೇ ತಲಪದಿರಬಹುದು. ದುಡಿಯ ಹಾಡುಗಾರರಾಗಲಿ, ಹಬ್ಬಗಳಲ್ಲಿ ಪರೆ ಬಾರಿಸುವ ಮೇದರಾಗಲಿ, ಇದು ಏನು, ಇದನ್ನು ಯಾರು ಯಾರು ಬಳಸಬಹುದು ಎಂಬುದನ್ನು ಅವರಿಗೆ ತಿಳಿಯುವ ಮಾತಿನಲ್ಲಿ ವಿವರಿಸಿ, ಒಪ್ಪಿಗೆಯನ್ನು ಬರೆಸಿಕೊಂಡು, ಸಂಭಾವನೆಯನ್ನು ಕೊಟ್ಟು ಆಮೇಲೆ ಮೈಕ್ರೊಫೋನನ್ನು ನಿಲ್ಲಿಸಬೇಕು. ಬೇಡವೆಂದರೆ ಬಿಡಬೇಕು. ದೇವರ ಕಾರ್ಯಕ್ಕೆ ಮೀಸಲಾದ ಬಾಜನೆಯನ್ನು ಬಿಡಿ ತುಣುಕುಗಳಾಗಿ ಕತ್ತರಿಸುವುದು ಅವರಿಗೆ ಒಪ್ಪಿಗೆಯಾಗದಿದ್ದರೆ ಅದು ನ್ಯಾಯವೇ. ಒಪ್ಪಿದರೆ, ಕತ್ತರಿಸದ ಮೂಲ ಮುದ್ರಿಕೆಯ ಒಂದು ಪ್ರತಿಯನ್ನು ಅವರಿಗೂ ಕೊಡತಕ್ಕದ್ದು. ಭಂಡಾರದ ಜೊತೆಯಲ್ಲಿಯೇ ಇರುವಂತೆ ಒಂದು ಪಠ್ಯದ ಹಾಳೆಯಲ್ಲಿ ಬಾರಿಸಿದವರ ಹೆಸರು, ಊರು, ತಾರೀಕು, ಆ ದಿನದ ಹವೆ, ದುಡಿಯ ಮರ ಮತ್ತು ಚರ್ಮ, ಕೋಲಿನ ಬಗೆ, ಒಂದೊಂದು ಪೆಟ್ಟಿಗೂ ಅವರೇ ಹೇಳುವ ಹೆಸರು, ಇವಿಷ್ಟನ್ನು ಕನ್ನಡದಲ್ಲಿಯೂ ಕೊಡವ ಭಾಷೆಯಲ್ಲಿಯೂ ಬರೆದಿಡಬೇಕು.